ಅಜ್ಜಿಯ ‘ಶುಪ್’

ಅಜ್ಜಿ ತುಟಿ ಚೂಪು ಮಾಡಿ ‘ಶುಪ್’ ಎಂದು ಉಸಿರು ಒಳಗೆಳೆದುಕೊಂಡರು. ಅವರಿಗೆ ಉಸಿರು ಕಟ್ಟಿತೆಂದೇ ತಿಳಿದು ನಾನು ‘ನರ್ಸ್, ನರ್ಸ್!’ ಎಂದು ಕೂಗಿಬಿಟ್ಟೆ.

ಸ್ವೀಡನ್ನಿನ ಲುಲೆಯೊಗೆ ಬಂದು ನಮಗಿನ್ನೂ ಎರಡು ತಿಂಗಳು. ಚರ್ಚಿನ ಮಕ್ಕಳು ವೃದ್ಧಾಶ್ರಮದಲ್ಲಿ ಹಾಡಲು ಹೊರಟಾಗ, ಹದಿನಾಲ್ಕರ ಮಗಳು ಶೈಲಾಳನ್ನೂ ನಾನೇ ಒತ್ತಾಯಿಸಿ ಹೊರಡಿಸಿದ್ದೆ. “ಅಲ್ಲಿ ನಮ್ಮ ಕನ್ನಡ ಹಾಡು ಯಾರಿಗೆ ಅರ್ಥ ಆಗುತ್ತಮ್ಮ?” ಎಂದು ಮುಖ ಊದಿಸಿಕೊಂಡೇ ಬಂದಿದ್ದಳು. ಉಡುಪಿಯ ಚರ್ಚಿನಲ್ಲಿ ಕಲಿತ ಕ್ರಿಸ್‌ಮಸ್ ಹಾಡು ಮುಗಿಸಿ, ಎದುರಿಗೇ ಕೂತಿದ್ದ ಆ ಅಜ್ಜಿಯನ್ನು ತನ್ನ ಹರಕುಮುರುಕು ಸ್ವೀಡಿಷಿನಲ್ಲಿ “ಇನ್ನೊಂದು ಹಾಡಲಾ?” ಎಂದು ಕೇಳಿದ್ದಳು. ಆಗಲೇ ಆ ‘ಶುಪ್’.

ಓಡಿಬಂದ ನರ್ಸ್ ಅಜ್ಜಿಯ ಮುಖ ನೋಡಿ ನಕ್ಕುಬಿಟ್ಟಳು. ಅವರಿಗೇನೂ ಆಗಿಲ್ಲ, ಈ ಕಡೆಯವರು ಹಾಗೆ ಉಸಿರೆಳೆದರೆ ‘ಹೂಂ’ ಎಂದರ್ಥ ಎಂದು ಇಂಗ್ಲಿಷಿನಲ್ಲಿ ನನಗೆ ಬಿಡಿಸಿ ಹೇಳಿದಳು. ಅಷ್ಟರಲ್ಲಿ ಅಜ್ಜಿ ಶೈಲಾಳ ಕೈ ಹಿಡಿದು ಮತ್ತೊಮ್ಮೆ ‘ಶುಪ್’ ಎಂದರು. ಅವಳು ಇನ್ನೂ ಮೂರು ಹಾಡು ಹಾಡಿದಳು.

ಮುಂದಿನ ಶನಿವಾರ ನಾನು ಅಳುಕುತ್ತಲೇ “ಅಜ್ಜಿ ಹತ್ರ ಹೋಗೋಣ್ವಾ?” ಎಂದೆ. ಆಗಲೇ ಬೂಟಿನ ದಾರ ಕಟ್ಟುತ್ತಿದ್ದ ಮಗಳು ತಲೆ ಎತ್ತದೆಯೇ ಉಸಿರು ಒಳಗೆಳೆದುಕೊಂಡಳು: ಶುಪ್.