ಪಂಚಶೀಲಾಳ ಪಾಠದಾಗಿನ ಹಾವು

ಪಂಚಶೀಲಾಳ ಹೆಸರು ನಾನು ಮೊದಲ ಕೇಳಿದ್ದು ಶಹಾಪುರದ ನಮ್ಮ ಓಣಿ ಗಿರಣ್ಯಾಗ. ಜ್ವಾಳದ ಡಬ್ಬಿ ಹಿಡಕೊಂಡು ಪಾಳಿಗೆ ನಿಂತಿದ್ದೆ. ನೆರೆಮನಿ ರೇಣಮ್ಮ ಬಂದು, "ಹಂಪಮ್ಮಾ, ನಿನ್ನ ಮ್ಯಾಲಿನ ಖೋಲಿ ಸಗರದ ಹುಡುಗಿ ಕೇಳಾಕತ್ಯಾಳ. ಕಂಪ್ಯೂಟರಿನ್ಯಾಗ ಪಾಠ ಮಾಡ್ತಾಳಂತ. ಬುದ್ಧನ್ನ ನಂಬೋ ಮಂದಿ, ನೋಡಿಕೊಂಡು ಕೊಡು" ಅಂದಳು.

"ಖೋಲಿಗಿ ಬೇಕಾದದ್ದು ಕಸ ಹೊಡಿಯೋ ಕೈ ಅಷ್ಟ" ಅಂದೆ.

ಬಂದಳು. ಒಂದು ಚೀಲ, ಒಂದು ಕಂಪ್ಯೂಟರ್, ಗೋಡಿಗಿ ಹಚ್ಚಾಕ ಒಂದು ಬುದ್ಧನ ಫೋಟೊ. ಸಣ್ಣ ಮೈಯಿ, ದಪ್ಪ ಚಷ್ಮಾ. ನನ್ನ ಕೆಂಪು ಖಾರ ತಿಂದು ಕಣ್ಣೀರು ಹಾಕ್ತಿದ್ದಳು, ಮತ್ತ ಕೇಳ್ತಿದ್ದಳು.

ಆಕಿ ಸೋದರತ್ತಿ ಮರಿಲಿಂಗಮ್ಮಗ ಹತ್ತಿ ಬಿಡಸಾಕ ಹೋದಾಗ ಹಾವು ಕಡದಿತ್ತು. ಮಂದಿ ಹಗ್ಗ ಬಿಗದು ಕಟ್ಟಿದರು. ಜೀವ ಉಳೀತು, ಕಾಲು ಹೋತು. ಅದಕ್ಕಂತ ಪಂಚಶೀಲಾ ಹೊಲದ ಹೆಣ್ಣಮಕ್ಕಳಿಗಿ ಹಾವಿನ ಪಾಠ ಮಾಡಾಕತ್ತಿದ್ದಳು. ಒಂದು ಸಂಸ್ಥೆಯವರು ಕೊಟ್ಟ ಕೆಲಸ, ಒಬ್ಬಾಕಿನ ಮಾಡೋ ಮೊದಲ ಕೆಲಸ. ಫೋನಿನ ಪಡದಿ ಮ್ಯಾಲ ಹೆಡಿ ಎತ್ತಿದ ಹಾವು, ಮುಂದ ಒಂದು ಕಾಲು. ಹಾವಿನ ಮ್ಯಾಲ ಬೆರಳು ಒತ್ತಿದರ ಒಂದು ಪದರ ತೆರೀತದ, ಹಗ್ಗ ಕಟ್ಟಬ್ಯಾಡ್ರಿ ಅಂತ ದನಿ ಬರ್ತದ. ಮತ್ತ ಒತ್ತಿದರ ಇನ್ನೊಂದು ಪದರ, ಸೀದಾ ದವಾಖಾನಿಗಿ ನಡೀರಿ ಅಂತ.

ಪಾಠ ಕಕ್ಕೇರಾಕ್ಕ ಒಯ್ದು ಅಲ್ಲಿನ ಹೆಣ್ಣಮಕ್ಕಳಿಗಿ ತೋರಿಸಿದ ಸಂಸ್ಥೆಯ ಮುನಾವರ ಅನ್ನೋಕಿ ಫೋನ್ ಮಾಡಿದಳು, "ಒಂದು ಪದರಾನೂ ಕಾಣವಲ್ದು." ಗುರುವಾರ ಯಾದಗಿರಿಯಾಗ ತೋರಿಸಬೇಕು. ಆಗಲಿಲ್ಲಂದ್ರ ಕೆಲಸ ಬ್ಯಾರೇದವರಿಗಿ.

ಪಂಚಶೀಲಾ ಮೂರು ದಿನ ತಪ್ಪು ಹುಡುಕಿದಳು. ಆಕಿ ತನ್ನಷ್ಟಕ್ಕ ತಾನ ಮಾತಾಡೋದು ನಾನು ಮೆಂತೆಪಲ್ಯ ಸೋಸಕೋತ ಕೇಳ್ತಿದ್ದೆ. ದೊಡ್ಡ ಪದರ ಸಣ್ಣದರ ಮ್ಯಾಲ ಕುಂತದೇನು? ಇಲ್ಲ. ಪದರದ ಬಾಜೂಕ ಒಂದು ಕಣ್ಣಿನ ಗುರುತು ಇರ್ತದಂತ, ಅದು ಮುಚ್ಯಾದೇನು? ಇಲ್ಲ. ಒಂದು ತೆರೆದರ ಉಳಿದವು ಮರೆಯಾಗಲಿ ಅನ್ನೋ ಟಿಕ್ಕು ಒಂದು ಇತ್ತು, ಅದನ್ನೂ ತೆಗದಳು. ಆಕಿ ಕಂಪ್ಯೂಟರಿನ್ಯಾಗ ಎಲ್ಲಾ ಕಾಣತದ, ಕಕ್ಕೇರಾದಾಗ ಏನೂ ಇಲ್ಲ. ರೊಟ್ಟಿ ತಾಟಿನ್ಯಾಗ ಆರತಿತ್ತು.

ಬುಧವಾರ ಮುಂಜಾನಿ ನನಗ ತಡಕೊಳ್ಳಾಕ ಆಗಲಿಲ್ಲ. "ಕೊಡು ಇಲ್ಲಿ, ನಾನೂ ಒಮ್ಮಿ ಒತ್ತತೀನಿ."

ಫೋನಿನ್ಯಾಗ ಪಾಠ ತೆರೆದು ಕೊಟ್ಟಳು. "ಹಾವು ಒತ್ರಿ ಅಮ್ಮಾ."

ಹೆಡಿ ಕಂಡಕೂಡಲೇ ಕೈ ಮುಗದೆ. ಆಮ್ಯಾಲ ಬಾಜೂಕಿನ ಹುಲ್ಲಿನ ಮ್ಯಾಲ ಒತ್ತಿದೆ. ಏನೂ ಬರಲಿಲ್ಲ.

"ಅಮ್ಮಾ, ಹಾವಿನ ಮ್ಯಾಲ!"

"ಎಲ್ಲಿ ಹುಡುಗಿ ಅದಿಯವ್ವ ನೀ? ನಾಗಪ್ಪಗ ಬೆರಳು ಇಡ್ತಾರೇನು? ಬೆರಳು ಕೊಳೀತದ."

ಆಕಿ ನನ್ನ ಮಾರಿ ನೋಡಿದಳು, ಬೆರಳು ನೋಡಿದಳು. ಮುನಾವರಗ ಫೋನ್ ಹಚ್ಚಿದಳು. "ಅಕ್ಕಾ, ಅವರು ಹಾವಿನ ಮ್ಯಾಲ ಒತ್ತಿದ್ರೇನು?"

"ಇಲ್ಲವ್ವ, ಎಲ್ಲಾರೂ ಕೈ ಮುಗದು ಬಾಜೂಕ ಒತ್ತಿದ್ರು. ನಾನೂ ಅಲ್ಲೇ ಒತ್ತಬೇಕು ಅಂತ ತಿಳದೆ."

ಪಂಚಶೀಲಾ ನೆಲದ ಮ್ಯಾಲ ಕುಂತು ನಕ್ಕಳು. "ಮೂರು ದಿನ ಪದರ ಹುಡುಕೀನಿ ಅಮ್ಮಾ! ನಮ್ಮ ಮನ್ಯಾಗ ಹಾವಿಗಿ ಕೈ ಮುಗಿಯಂಗಿಲ್ಲ, ನನಗ ಹೊಳೀಲೇ ಇಲ್ಲ. ಹಾವು ಬಿಟ್ಟು ಕಾಲು ಒತ್ತು ಅಂದ್ರ ಒತ್ತತಾರೇನು?"

"ಕಾಲು ಮುಟ್ಟಿ ಮುಟ್ಟಿನೇ ನಮ್ಮ ನಡಾ ಬಾಗ್ಯಾವ. ಒತ್ತತಾರ ತಗೋ."

ಅವತ್ತೇ ಒತ್ತೋ ಜಾಗ ಕಾಲಿಗಿ ಬದಲಿಸಿದಳು. ಗುರುವಾರ ಯಾದಗಿರಿಯಾಗ ಮುದನಾಳದ ಹೆಣ್ಣಮಕ್ಕಳು ಬಂದಿದ್ದರಂತ. ಹಾವಿಗಿ ಕೈ ಮುಗದರು, ಕಾಲು ಒತ್ತಿದರು, ಪದರ ಒಂದೊಂದೇ ತೆರೆದವು. ಹಿಂದಿನ ಸಾಲಿನ್ಯಾಗ ಕುಂತಾಕಿ ಒಬ್ಬಾಕಿ, "ಹಗ್ಗ ಕಟ್ಟಬಾರದಾ? ನಾವು ಕಟ್ಟಿದ್ದೆವಲ್ಲ" ಅಂತ ಅತ್ತಳಂತ.

ಸಂಸ್ಥೆಯವರು ಇನ್ನೂ ಆರು ಪಾಠ ಕೊಟ್ಟರು. ಪಂಚಶೀಲಾ ಯಾದಗಿರಿಗಿ ಹೊಂಟಳು. ಬುದ್ಧನ ಫೋಟೊ ಬಿಚ್ಚಿಕೊಂಡು ಚೀಲಕ್ಕ ಇಟ್ಟಳು, ಖಾರದ ಡಬ್ಬಿ ಅದರ ಬಾಜೂಕ. ಆಟೋ ಬಂದು ನಿಂತಿತ್ತು. ಆಕಿ ಹತ್ತಲಿಲ್ಲ. ಹೊಸ್ತಿಲದ ಹೊರಗ ನಿಂತು ನೋಟ್‌ಬುಕ್ ತೆರೆದಳು.

"ಅಮ್ಮಾ, ನೀವು ಬೆರಳು ಇಡದ ಸಾಮಾನು ಇನ್ನೂ ಏನೇನು ಅವ? ಒಂದೂ ಬಿಡದಂಗ ಹೇಳ್ರಿ, ಬರಕೋತೀನಿ."