‘ಸ್ಟಾಪ್’ ಎಂಬ ಪದವನ್ನು ಆರಿಸಿದವನು ನಾನು

ಮಂಜಣ್ಣ, ರವಿಯ ಕೈಯನ್ನು ಮೆಷಿನ್ ಕಿತ್ತ ದಿನ ತಪ್ಪು ನಿಮ್ಮದಾಗಿರಲಿಲ್ಲ. ನನ್ನದು. ಅದು ನನಗೆ ಆ ಕ್ಷಣದಲ್ಲೇ ಗೊತ್ತಿತ್ತು — ಗೊತ್ತಿದ್ದೂ, ಜನ ನಿಮ್ಮನ್ನು ಬಡಿಯುವುದನ್ನು ನೋಡುತ್ತ ನಿಂತೆ.

ಆಗ ನಾನು ಕಾಫಿ ಎಸ್ಟೇಟ್ ಕಂಪನಿಯ ಇಂಜಿನಿಯರ್. ವನಗೂರು, ಹೆಗ್ಗದ್ದೆ ಎರಡೂ ಎಸ್ಟೇಟಿನ ಮೆಷಿನ್‌ಗಳ ಸ್ಥಿತಿ ಒಂದೇ ಪರದೆಯ ಮೇಲೆ ಕಾಣಬೇಕು, ಮೆಷಿನ್ ಮಾಡಿಕೊಟ್ಟವರಿಗೂ ಅದೇ ಮಾಹಿತಿ ಹೋಗಬೇಕು ಎಂದು ಮಾಲೀಕರು ಹೇಳಿದ್ದರು. ತೊಡಕಿದ್ದದ್ದು ಪದಗಳಲ್ಲಿ. ವನಗೂರಿನವರು ಮೆಷಿನ್ ಸುಮ್ಮನೆ ನಿಂತಿದ್ದರೂ ‘ಸ್ಟಾಪ್’ ಎನ್ನುತ್ತಿದ್ದರು, ರಿಪೇರಿಗೆ ಬಿಚ್ಚಿದ್ದರೂ ‘ಸ್ಟಾಪ್’ ಎನ್ನುತ್ತಿದ್ದರು. ನಿಮ್ಮ ಹೆಗ್ಗದ್ದೆಯಲ್ಲಿ ‘ಸ್ಟಾಪ್’ ಎಂದರೆ ಮೆಷಿನ್ ಕಾಫಿ ಹಣ್ಣಿಗಾಗಿ ಕಾಯುತ್ತಿದೆ, ಶುರು ಮಾಡಬಹುದು ಎಂದರ್ಥ. ರಿಪೇರಿಗೆ ‘ಬಂದ್’ ಎಂಬ ಬೇರೆ ಪದವಿತ್ತು. ಇಂಥ ಗೊಂದಲ ಬೇಡವೆಂದೇ ಕೈಗಾರಿಕೆಯವರು ಎಲ್ಲರೂ ಒಪ್ಪಿದ ಪದಕೋಶಗಳನ್ನು ಮಾಡಿಟ್ಟಿದ್ದಾರೆ. ನಾನು ಆರಿಸಿಕೊಂಡ ಪದಕೋಶದಲ್ಲೂ ಎರಡಕ್ಕೂ ಬೇರೆ ಬೇರೆ ಪದಗಳಿದ್ದವು. ಆದರೆ ಅವನ್ನು ಬಳಸಿದರೆ ವನಗೂರಿನ ಹಳೆಯ ಮಾಹಿತಿಯನ್ನೆಲ್ಲ ಕೂತು ತಿದ್ದಬೇಕಿತ್ತು. ಕೊಯ್ಲು ಹತ್ತಿರ ಬಂದಿತ್ತು. ಎರಡನ್ನೂ ‘ಸ್ಟಾಪ್’ ಎಂಬ ಒಂದೇ ಪದಕ್ಕೆ ಸೇರಿಸಿಬಿಟ್ಟೆ.

ಜೊತೆಯ ಇಂಜಿನಿಯರ್ ಶೈಲಜಾ ಕೇಳಿದ್ದರು, “ಒಳಗೆ ಮನುಷ್ಯ ಇದ್ರೂ ಸ್ಟಾಪೇನಾ ಸಾರ್?”

“ಇಲ್ಲಿ ಎಲ್ರಿಗೂ ಗೊತ್ತಾಗುತ್ತೆ ಬಿಡಿ” ಎಂದಿದ್ದೆ.

ಎಲ್ಲರಿಗೂ — ನಿಮ್ಮನ್ನು ಬಿಟ್ಟು. ಕೊಯ್ಲಿನ ನಡುವೆ ಜನ ಸಾಲದೆ, ಮೆಷಿನ್ ನಡೆಸಲು ನಿಮ್ಮನ್ನು ಹೆಗ್ಗದ್ದೆಯಿಂದ ವನಗೂರಿಗೆ ಕರೆಸಿದವನೂ ನಾನೇ.

ಆ ಮಧ್ಯಾಹ್ನ ಕಾಫಿಬೀಜ ತೊಳೆಯುವ ವಾಷರ್ ಕಟ್ಟಿಕೊಂಡಿತು. ಫಿಟ್ಟರ್ ರವಿ ನನಗೆ ಹೇಳಿಯೇ ಅದರೊಳಗೆ ಕೈ ಹಾಕಿದ. ಪರದೆಯಲ್ಲಿ ‘ಸ್ಟಾಪ್’ ಎಂದು ನಾನೇ ಹಾಕಿದೆ. ಗೋಡೆಯಾಚೆಯ ಕೋಣೆಯಲ್ಲಿ ಕೂತಿದ್ದ ನೀವು ಅದನ್ನು ಓದಿದಿರಿ. ಹಣ್ಣಿನ ಟ್ರ್ಯಾಕ್ಟರ್ ಬಂದು ನಿಂತಿತ್ತು. ಬಟನ್ ಒತ್ತಿದಿರಿ.

ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಮೊಣಕೈಯಿಂದ ಕೆಳಗಿನದು ಕಿತ್ತು ಒಳಗೇ ಉಳಿಯಿತು. ನೀರಿನ ಜೊತೆ ರಕ್ತ, ಬೀಜ, ಅಂಗಿಯ ಚೂರು ಹೊರಬಿತ್ತು. ರವಿಯನ್ನು ಜೀಪಿಗೆ ಹಾಕಿ ಸಕಲೇಶಪುರಕ್ಕೆ ಕಳಿಸಿದ ಮೇಲೆ ಯಾರೋ ನಿಮ್ಮನ್ನು ತೋರಿಸಿ ಅಂದರು, “ನಿನ್ನೆ ಲೈನ್‌ಮನೆ ಹತ್ರ ಇವ್ನೂ ರವೀನೂ ಜಗಳ ಆಡಿದ್ರು ಕಣೋ. ಬೇಕಂತ್ಲೇ ಮಾಡ್ಬುಟ್ಟ.”

ಅಷ್ಟು ಸಾಕಾಯಿತು. ರವಿಯ ಅಣ್ಣ ನಿಮ್ಮ ಕೂದಲು ಹಿಡಿದು ಕಾಫಿ ಒಣಗಿಸುವ ಕಣಕ್ಕೆ ಎಳೆದು ಹಾಕಿದ. ಒಂದು ದೊಣ್ಣೆ ನಿಮ್ಮ ದವಡೆಯ ಮೇಲೆ ಮುರಿಯಿತು. ಬಿದ್ದ ಮೇಲೂ ಒದ್ದರು. ಯಾರದೋ ಬೂಟಿನ ತುದಿ ಕಣ್ಣಿಗೆ — ಅದನ್ನೂ ನೋಡಿದೆ.

“ಸ್ಟಾಪ್ ಅಂತ್ಲೇ ಇತ್ತು ಕಣ್ರೀ...” ನಿಮ್ಮ ಬಾಯಿ ತುಂಬ ರಕ್ತ. “ಸಾರ್, ನೀವಾದ್ರೂ ಹೇಳಿ ಸಾರ್.”

“ನನಗೇನೂ ಗೊತ್ತಿಲ್ಲ” ಎಂದೆ.

ಹೇಳಿ ಒಳಗೆ ಹೋದೆ. ಪೊಲೀಸರು ಬರುವುದರೊಳಗೆ ಪದಕೋಶದಲ್ಲಿದ್ದ ಆ ಎರಡನೆಯ ಪದವನ್ನು ಸೇರಿಸಿ, ಆ ಮಧ್ಯಾಹ್ನವೂ ಪರದೆ ‘ರಿಪೇರಿ’ ಎಂದೇ ತೋರಿಸಿತ್ತು ಎಂಬಂತೆ ತಿದ್ದಿದೆ. ಶೈಲಜಾ ಅದಕ್ಕೂ ಮೊದಲೇ ಕಂಪನಿ ಬಿಟ್ಟು ಬೇರೆ ಕೆಲಸಕ್ಕೆ ಸೇರಿದ್ದರು, ಕೇಳುವವರಿರಲಿಲ್ಲ. ರಿಪೇರಿ ಎಂದು ಕಂಡೂ ಒತ್ತಿದ್ದಾನೆ ಎಂದು ನಿಮ್ಮನ್ನು ಜೈಲಿಗೆ ಕಳಿಸಿದರು. ಹೊರಗೆ ಬಂದಾಗ ನಿಮಗೆ ಒಂದು ಕಣ್ಣಿರಲಿಲ್ಲ, ಕೆಲಸ ಕೊಡುವ ಎಸ್ಟೇಟೂ ಇರಲಿಲ್ಲ. ನೀವು ಆಲೂರಿನ ಕಡೆ ಹೋದಿರಿ. ನನಗೆ ಬಡ್ತಿ ಸಿಕ್ಕಿತು.

ಕಳೆದ ವಾರ ರವಿಯ ಮನೆಗೆ ಹೋಗಿ ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವನ ಮುಖ — ಹೇಗೆ ಹೇಳಲಿ. ಉಳಿದ ಕೈಯಿಂದ ಹೊಡೆದ. ನಾನು ಗೋಡೆಗೆ ಬಡಿದು ಬಿದ್ದೆ. ಎದ್ದ ಮೇಲೆ ಮತ್ತೆ ಹೊಡೆದ. ಆಮೇಲೆ ಕೂತು ಅತ್ತ. “ನಮ್ಮಣ್ಣ ಸಾಯೋವರೆಗೂ ಮಂಜಣ್ಣನ್ನ ಬೈದ್ಕೊಂಡೇ ಸತ್ತ” ಎಂದ. “ನಾನೂ ಹಂಗೇ ಬದುಕಿದ್ನಲ್ಲ ಮಾರಾಯ್ರೇ.”

ಮರುದಿನ ಠಾಣೆಗೆ ಹೋದೆ. ನಾನು ಹೇಳಿದ್ದನ್ನು ಬರೆದುಕೊಂಡಿದ್ದಾರೆ; ನಿಮ್ಮ ಕೇಸು ಮತ್ತೆ ಕೋರ್ಟಿಗೆ ಬರುತ್ತದೆ, ಈ ಸಲ ಆರೋಪಿ ನಾನು. ಅದರಿಂದ ನಿಮ್ಮ ಕಣ್ಣು ಬರುವುದಿಲ್ಲ.

ನಾಳೆ ಬೆಳಗ್ಗೆ ಆಲೂರಿಗೆ ಬರುತ್ತೇನೆ, ರವಿಯೂ ಬರುತ್ತಾನೆ. ನೀವು ಬಾಗಿಲು ತೆಗೆಯಬೇಕಾಗಿಲ್ಲ. ಬೀದಿಯಲ್ಲೇ ನಿಂತು, ನಿಮ್ಮ ನೆರೆಹೊರೆಗೆಲ್ಲ ಕೇಳುವಂತೆ ಇದನ್ನೆಲ್ಲ ಹೇಳುತ್ತೇನೆ.