ಪಂಚಾಂಗದ ತಲೆಯ ಮೇಲೆ ಬಳ್ಳಾರಿಯ ವಿಮಲಾಬಾಯಿಯ ಹೆಸರು

“ಈ ಹೆಸರು ತಗದ್ರ ಅಚ್ಚು ಹಾಕ್ತೀನಿ, ಇಲ್ಲಾಂದ್ರ ಲೇದು” ಎಂದು ಪ್ರೆಸ್ ಮಾಲೀಕರು ನನ್ನ ಪ್ರಿಂಟೌಟನ್ನು ಹಿಂದಕ್ಕೆ ತಳ್ಳಿದರು.

ಎಂಬತ್ತರ ದಶಕದ ಕೊನೆ, ಆಂಧ್ರದ ಗಡಿಯ ಆದೋನಿ. ನನ್ನ ಸೋದರಮಾವ ಆಚಾರ್ಯರು ಪ್ರತಿ ವರ್ಷ ಕೈಯಲ್ಲೇ ಗುಣಿಸಿ ಪಂಚಾಂಗ ಬರೆಯುತ್ತಿದ್ದರು. ಹೊಳೆದಂಡೆಯ ನಾಗಲದಿನ್ನೆಯವರೆಗೂ ಕನ್ನಡದ ಮನೆಗಳಿಗೆ ಅದೇ ಆಧಾರ.

ಆ ವರ್ಷ ಅವರ ಕಣ್ಣಿಗೆ ಪೊರೆ ಬಂದಿತ್ತು. ಮೂರು ಯಾವುದು, ಎಂಟು ಯಾವುದು ತಿಳಿಯುತ್ತಿರಲಿಲ್ಲ.

ನಾನು ಆಗ ಹತ್ತಿ ಮಾರ್ಕೆಟ್ ಹತ್ತಿರದ ಕಂಪ್ಯೂಟರ್ ಕ್ಲಾಸಿನಲ್ಲಿ ಬೇಸಿಕ್ ಎಂಬ ಪ್ರೋಗ್ರಾಂ ಭಾಷೆ ಕಲಿಯುತ್ತಿದ್ದೆ. ನಮ್ಮ ಸರ್ ಬಳ್ಳಾರಿಯಿಂದ ಒಂದು ಫ್ಲಾಪಿ ತಂದಿದ್ದರು, ಅದರಲ್ಲಿ ಸೂರ್ಯೋದಯದ ಲೆಕ್ಕ ಹಾಕುವ ಪ್ರೋಗ್ರಾಂ. ಅಲ್ಲಿನ ಗಣಿತದ ಲೆಕ್ಚರರ್ ವಿಮಲಾಬಾಯಿ ಎಂಬವರು ಬರೆದು, ಕೇಳಿದವರಿಗೆಲ್ಲ ಪುಕ್ಕಟೆ ಕೊಡುತ್ತಿದ್ದರಂತೆ.

ಬಳ್ಳಾರಿಯ ಅಕ್ಷಾಂಶ, ರೇಖಾಂಶ ತೆಗೆದು ಆದೋನಿಯದು ಹಾಕಿದೆ. ತಿಥಿ, ನಕ್ಷತ್ರ ಮಾವ ಬಾಯಲ್ಲೇ ಹೇಳಿದರು, ನಾನು ಬರೆದುಕೊಂಡೆ. ಪಂಚಾಂಗ ತಯಾರಾಯಿತು.

ಪ್ರಿಂಟೌಟಿನ ತಲೆಯ ಮೇಲೆ ಮಾತ್ರ ಆ ಪ್ರೋಗ್ರಾಂ ವಿಮಲಾಬಾಯಿಯ ಹೆಸರು ಹಾಕುತ್ತಿತ್ತು. ತಕರಾರು ಅದಕ್ಕೇ.

“ಹೆಣ್ಮಗಳು ಹಾಕಿದ ಲೆಕ್ಕ ಐತಿ ಅಂದ್ರ ಏಕಾದಶಿ ಯಾರಮ್ಮಾ ಮಾಡ್ತಾರ? ಒಂದು ಲೈನು ತಾನೇ, ಅಳಿಸಿಬಿಡು. ಅಯಿಪೋಯಿಂದಿ, ಮುಗೀತು.”

ನಮ್ಮ ವೈಷ್ಣವರ ಮನೆಗಳಲ್ಲಿ ಏಕಾದಶಿ ಹುಡುಗಾಟವಲ್ಲ. ಬೆಳಗಿನ ಜಾವಕ್ಕೆ ದಶಮಿ ಚೂರು ಉಳಿದಿದ್ದರೂ ಉಪವಾಸ ಮರುದಿನಕ್ಕೆ ಹೋಗುತ್ತದೆ. ಆ ಜಾವ ಯಾವಾಗ ಶುರು ಎಂದು ತೀರ್ಮಾನಿಸುವುದೇ ಸೂರ್ಯೋದಯ.

ಯುಗಾದಿ ಹತ್ತಿರ ಬಂದಿತ್ತು. ನಮಗೆ ಗೊತ್ತಿದ್ದ ಹಾಗೆ ಊರಲ್ಲಿ ಕನ್ನಡದ ಅಚ್ಚುಮೊಳೆ ಇದ್ದದ್ದು ಅವರೊಬ್ಬರ ಹತ್ತಿರ. ಅವರು ಒಲ್ಲೆ ಅಂದರೆ ಮಾವನ ಪಂಚಾಂಗ ಆ ವರ್ಷ ಇಲ್ಲ.

ನನಗೆ ಸಿಟ್ಟು, ಅದಕ್ಕಿಂತ ಹೆಚ್ಚು ಭಯ. ಮಾವ ಮಹಾ ಮಡಿಯ ಮನುಷ್ಯ, ಒಪ್ಪಿಬಿಟ್ಟರೆ...

“ಆ ಬಾಯಿ ಏನು ಬರದಾಳ, ಪೂರ್ತಿ ಓದು ಪದ್ದಿ” ಅಂದರು ನನ್ನ ಪಕ್ಕದಲ್ಲೇ ಕೂತಿದ್ದ ಮಾವ.

ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳಿದೆ. ‘ಬರೆದವಳು ವಿಮಲಾಬಾಯಿ, ಬಳ್ಳಾರಿ. ಯಾರು ಬೇಕಾದರೂ ಬಳಸಿ, ಹಂಚಿ. ನನ್ನ ಹೆಸರು ತೆಗೆಯಬೇಡಿ. ಏನಾದರೂ ಬದಲಾಯಿಸಿದರೆ ಕೆಳಗೆ ನಿಮ್ಮ ಹೆಸರೂ ಬರೆಯಿರಿ.’

ಹೆಸರು ಕೇಳಿದ ಕೂಡಲೇ ಮಾವನ ಬಲಗೈ ತಲೆ ಮುಟ್ಟಿತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಜಪಕ್ಕೆ ಕೂತಾಗ ಮಂತ್ರಕ್ಕೂ ಮೊದಲು, ಅದನ್ನು ಕಂಡ ಋಷಿಯ ಹೆಸರು ಹೇಳಿ ತಲೆ ಮುಟ್ಟಿಕೊಳ್ಳುವುದು ನಮ್ಮಲ್ಲಿ ಪದ್ಧತಿ.

“ಋಷಿ ಹೆಸರು ಬಿಟ್ಟು ಮಂತ್ರ ಹೇಳಂಗಿಲ್ಲ ಸಾವ್ಕಾರ್ರ. ಹೆಂಗಸರೂ ಋಷಿಗಳಾಗ್ಯಾರ. ಕಾಗದ ಕೊಡ್ರಿ, ಬರ್ತೀವಿ.”

“ಹಟ ಮಾಡಬ್ಯಾಡ್ರಿ ಆಚಾರ್ರ, ಊರಾಗ ನಗ್ತಾರ” ಅಂದರು ಮಾಲೀಕರು. ಮಾವ ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು.

ಆ ಯುಗಾದಿಗೆ ಪಂಚಾಂಗ ಪುಸ್ತಕವಾಗಿ ಬರಲಿಲ್ಲ. ನಾನೇ ಸ್ಟೆನ್ಸಿಲ್ ಮೇಲೆ ಬರೆದೆ, ಮನೆಯಲ್ಲೇ ಸೈಕ್ಲೋಸ್ಟೈಲ್ ಮಾಡಿ ಪ್ರತಿ ತೆಗೆದೆವು. ಮನೆಯ ಬಾಗಿಲಿಗೂ ಇಂಕಿನ ಕಲೆ.

ವಿಮಲಾಬಾಯಿ ಹೆಸರಿನ ಕೆಳಗೆ ಮಾವ ಇನ್ನೊಂದು ಸಾಲು ಬರೆಸಿದರು: ಆದೋನಿಗೆ ಹೊಂದಿಸಿದವಳು ಪದ್ಮಾವತಿ. ನಾನು ಬೇಡವೇ ಬೇಡ ಅಂದೆ.

“ಆಕಿ ಬರೀರಿ ಅಂದಾಳ, ಬರಿ. ತಪ್ಪಾದ್ರ ಬೈಲಿಕ್ಕೆ ಒಂದು ಹೆಸರು ಬೇಕಲ್ಲ” ಎಂದು ನಕ್ಕರು.

ಕೆಲವರು ಆ ಎರಡು ಸಾಲು ನೋಡಿ ಪಂಚಾಂಗ ವಾಪಸ್ ಕೊಟ್ಟರು. ಮಾವನಿಗೆ ನೋವಾಗಿತ್ತು. ನಾನು ಅವರ ಮುಖ ನೋಡಲಾರದೆ ಓಡಾಡಿದೆ.

ಮುಂದೊಂದು ಬೆಳಿಗ್ಗೆ ಪೆದ್ದಹರಿವಾಣಂ ಹಳ್ಳಿಯಿಂದ ಒಬ್ಬ ಅಜ್ಜಿ ಬಸ್ಸಿಳಿದು ನೇರ ನಮ್ಮ ಮನೆಗೆ ಬಂದರು. ಮಾವ ಎದ್ದು ಒಳಗೆ ಬರಹೇಳಿದರು.

“ನೀವಲ್ರಿ ಆಚಾರ್ರ. ನಿಮ್ಮ ಪಂಚಾಂಗ ಒಂದು ಹೇಳ್ತದ, ಬ್ಯಾರೇದು ಇನ್ನೊಂದು, ಏಕಾದಶಿ ಇವತ್ತೋ ನಾಳೆನೋ ಅಂತ ನಮ್ಮ ಓಣ್ಯಾಗ ಜಗಳ ನಡದದ. ಇದರಾಗ ಬರದ ಪದ್ಮಾವತಿ ಅನ್ನಾಕಿ ಯಾರು? ಆಕಿನ್ನ ಕೇಳಬೇಕು.”

ನಾನು ಒಳಗೆ ಹೋಗಿ ಲೆಕ್ಕ ಮತ್ತೆ ನೋಡಿದೆ. ಬೆಳಗಿನ ಜಾವಕ್ಕೆ ದಶಮಿ ಉಳಿದಿತ್ತು, ಸಂಶಯವಿರಲಿಲ್ಲ.

“ನಾಳೆ, ಅಜ್ಜಿ. ಸೂರ್ಯೋದಯ ಬಳ್ಳಾರಿಯ ವಿಮಲಾಬಾಯಿಯವರ ಲೆಕ್ಕ, ನಮ್ಮೂರಿಗೆ ನಾನು ಹೊಂದಿಸೀನಿ.”

ಅಜ್ಜಿ ನನ್ನ ಮುಖ ನೋಡಿದರು. ಬೆಳಿಗ್ಗೆಯಿಂದ ನೀರೂ ಕುಡಿದಿರಲಿಲ್ಲವಂತೆ.

“ಹಂಗಾದ್ರ ಎಲಿ ಹಾಕವಾ, ಊಟ ಮಾಡ್ತೀನಿ” ಅಂದರು.

ಪಕ್ಕಾ ಏಕಾದಶಿಯವರು ಅವರು, ನನ್ನ ಮಾತಿನ ಮೇಲೆ ಉಂಡರು. ಬಡಿಸುತ್ತಾ ನನಗೆ ಅಳು ಬಂತು.

ಬೇರೆಯವರ ಕೋಡ್ ಎತ್ತಿಕೊಂಡು ಬರೆದವರ ಹೆಸರಿರುವ ಲೈಸೆನ್ಸಿನ ಸಾಲು ಅಳಿಸುವ ಗೆಳೆಯರೇ, ಅಂಥ ಅಜ್ಜಿ ನಿಮ್ಮ ಬಾಗಿಲಿಗೆ ಬಂದು ಕೇಳಿದರೆ ಯಾರ ಹೆಸರು ಹೇಳುತ್ತೀರಿ?